ಬಹುಮತ ದೊಡ್ಡದಿದೆ, ಖಾಲಿ ಕುರ್ಚಿಗಳೂ ಇವೆ: ಹೊಸ ಪ್ರಧಾನಿಯವರಿಗೆ ಬಹಿರಂಗ ಪತ್ರ

ಜೂನ್ 7, 2014

ಮಾನ್ಯ ಪ್ರಧಾನಮಂತ್ರಿ ಶ್ರೀ ನರೇಂದ್ರ ಮೋದಿಯವರಿಗೆ,

ಕರ್ನಾಟಕದಿಂದ ನಮಸ್ಕಾರಗಳು.

ಮೂವತ್ತು ವರ್ಷಗಳ ನಂತರ ಲೋಕಸಭೆಯಲ್ಲಿ ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದಿದೆ. 543ರಲ್ಲಿ ನಿಮ್ಮ ಪಕ್ಷಕ್ಕೆ 282, ಮೈತ್ರಿಕೂಟಕ್ಕೆ 336. ನಮ್ಮ ರಾಜ್ಯದ 28 ಕ್ಷೇತ್ರಗಳಲ್ಲಿ 17 ನಿಮ್ಮ ಪಾಲಾಗಿವೆ. ಈ ಪತ್ರ ಬರೆಯುತ್ತಿರುವವರಲ್ಲಿ ನಿಮಗೆ ಮತ ಹಾಕಿದವರೂ ಇದ್ದಾರೆ, ಹಾಕದವರೂ ಇದ್ದಾರೆ. ಸಂಸತ್ತಿನ ಕಲಾಪ, ಬಜೆಟ್ ಪುಸ್ತಕಗಳು, ಮಾಹಿತಿ ಹಕ್ಕು, ಪಂಚಾಯಿತಿಗೆ ಬರುವ ದುಡ್ಡು, ಇವುಗಳ ಬೆನ್ನುಹತ್ತಿ ಕೆಲಸ ಮಾಡುವುದು ನಮ್ಮೆಲ್ಲರಿಗೂ ಸಮಾನ. ಹಾಗಾಗಿ ಹೊಗಳಿಕೆ, ತೆಗಳಿಕೆ ಎರಡನ್ನೂ ಪಕ್ಕಕ್ಕಿಟ್ಟು, ಮುಂದಿನ ನೂರು ದಿನಗಳಲ್ಲಿ ಯಾವ ಕೆಲಸ ಆಗಬೇಕು, ಯಾವುದು ಎಲ್ಲಿ ಕೈಕೊಡಬಹುದು ಎಂಬುದನ್ನಷ್ಟೇ ಬರೆಯುತ್ತಿದ್ದೇವೆ.

ಮೊದಲು ಭರವಸೆಯ ಮಾತು. ಮೇ 20ರಂದು ಸಂಸತ್ ಭವನದ ಮೆಟ್ಟಿಲಿಗೆ ಹಣೆಹಚ್ಚಿ ಒಳಗೆ ಹೋದಿರಿ. 26ರ ಪ್ರಮಾಣವಚನಕ್ಕೆ ನೆರೆಹೊರೆಯ ಸಾರ್ಕ್ ದೇಶಗಳನ್ನು ಕರೆದಿರಿ. ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಬಂದರು, ಮರುದಿನವೇ ಅವರೊಂದಿಗೆ ಮಾತುಕತೆಗೆ ಕೂತಿರಿ. 27ರ ಮೊದಲ ಸಂಪುಟ ಸಭೆಯಲ್ಲಿ ಕಪ್ಪುಹಣದ ತನಿಖೆಗೆ ನ್ಯಾಯಮೂರ್ತಿ ಎಂ.ಬಿ. ಶಾ ನೇತೃತ್ವದ ವಿಶೇಷ ತನಿಖಾ ತಂಡ ರಚನೆಯಾಯಿತು. ಸುಪ್ರೀಂ ಕೋರ್ಟ್ ಇದನ್ನು 2011ರ ಜುಲೈನಲ್ಲೇ ಆದೇಶಿಸಿತ್ತು, ಈ ಸಲ ಗಡುವನ್ನೂ ಕೊಟ್ಟಿತ್ತು. ಆದರೂ ಹಿಂದಿನ ಸರ್ಕಾರ ಸುಮಾರು ಮೂರು ವರ್ಷ ಎಳೆದಾಡಿದ್ದನ್ನು ನೀವು ಒಂದೇ ದಿನದಲ್ಲಿ ಮುಗಿಸಿದಿರಿ ಎಂಬುದು ನಿಜ. ಎಲ್ಲಕ್ಕಿಂತ ಮುಖ್ಯವಾಗಿ, ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಮುಖ್ಯಮಂತ್ರಿಯಾಗಿದ್ದವರು ನೇರವಾಗಿ ಪ್ರಧಾನಿಯಾಗಿದ್ದೀರಿ. ದೆಹಲಿಯಿಂದ ಹಣ ತಡವಾದರೆ ರಾಜ್ಯದ ಖಜಾನೆಯಲ್ಲಿ ಏನಾಗುತ್ತದೆ ಎಂಬುದನ್ನು ನಿಮಗೆ ಯಾರೂ ವಿವರಿಸಬೇಕಾಗಿಲ್ಲ.

ಮೇ 31ರಂದು 9 ಉನ್ನತಾಧಿಕಾರದ ಸಚಿವರ ಗುಂಪುಗಳನ್ನೂ 21 ಸಚಿವರ ಗುಂಪುಗಳನ್ನೂ ಒಟ್ಟಿಗೆ ರದ್ದು ಮಾಡಿದಿರಿ. ಇದು ಆಗಬೇಕಾಗಿದ್ದ ಕೆಲಸ. ತೀರ್ಮಾನ ಮುಂದೂಡಲು ಅವು ಒಳ್ಳೆಯ ನೆಪವಾಗಿದ್ದವು. ಆದರೆ ಎರಡು ಸಚಿವಾಲಯಗಳ ನಡುವಿನ ಭಿನ್ನಾಭಿಪ್ರಾಯಕ್ಕೆ ಇನ್ನು ಮುಂದೆ ಸಂಪುಟ ಕಾರ್ಯದರ್ಶಿ ಮತ್ತು ನಿಮ್ಮ ಕಚೇರಿಯೇ ದಾರಿ. ಕಲ್ಲಿದ್ದಲು, ಪರಿಸರ, ವಿದ್ಯುತ್, ರೈಲ್ವೆ ನಾಲ್ಕೂ ತಗಾದೆಗಳು ಒಂದೇ ಮೇಜಿಗೆ ಬಂದರೆ ಅಲ್ಲೇ ರಾಶಿ ಬೀಳುತ್ತವೆ. ಇಲ್ಲವೇ ಸಚಿವರ ಅಭಿಪ್ರಾಯ ದಾಖಲಾಗದೆ ತೀರ್ಮಾನವಾಗುತ್ತದೆ. 1961ರ ಸರ್ಕಾರಿ ಕಾರ್ಯಕಲಾಪ ನಿಯಮಗಳ ಪ್ರಕಾರ ಸಂಬಂಧಪಟ್ಟ ಇಲಾಖೆಗಳು ಮೊದಲು ತಮ್ಮಲ್ಲೇ ಸಮಾಲೋಚಿಸಬೇಕು. ಅದೇ ನಿಯಮಗಳ 12ನೆಯದು ಯಾವುದೇ ಪ್ರಕರಣದಲ್ಲಿ ನಿಯಮ ಬದಿಗಿಡುವ ಅಧಿಕಾರವನ್ನು ಪ್ರಧಾನಿಗೆ ಕೊಟ್ಟಿದೆ. ಸಮ್ಮಿಶ್ರ ಸರ್ಕಾರದಲ್ಲಿ ಮಿತ್ರಪಕ್ಷಗಳ ಕೂಗಾಟವೇ ಇಂಥದ್ದಕ್ಕೆ ತಡೆಯಾಗಿತ್ತು. ನಿಮಗೆ ಆ ತಡೆ ಇಲ್ಲ. 12ನೇ ನಿಯಮವನ್ನು ಯಾವಾಗ, ಯಾಕೆ ಬಳಸಲಾಯಿತು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಿ. ಕಾನೂನು ಹಾಗೆ ಕೇಳುವುದಿಲ್ಲ, ನಾವು ಕೇಳುತ್ತಿದ್ದೇವೆ.

ನಮ್ಮ ಆತಂಕದ ತಿರುಳು ಇದೇ. ಚಲಾವಣೆಯಾದ ಪ್ರತಿ ನೂರು ಮತಗಳಲ್ಲಿ ಸುಮಾರು 31 ನಿಮ್ಮ ಪಕ್ಷಕ್ಕೆ ಬಿದ್ದಿವೆ. ಅಷ್ಟರಿಂದ ಅರ್ಧಕ್ಕಿಂತ ಹೆಚ್ಚು ಸ್ಥಾನ ಬಂದಿರುವುದು ನಮ್ಮ ಚುನಾವಣಾ ಪದ್ಧತಿಯ ಫಲ. ಅದರಲ್ಲಿ ತಪ್ಪೇನೂ ಇಲ್ಲ, ಹಿಂದೆ ಕಾಂಗ್ರೆಸ್ಸಿಗೂ ಹೀಗೆಯೇ ಲಾಭವಾಗಿದೆ. ಆದರೆ ಉಳಿದ 69 ಮತದಾರರ ಮಾತು ಸರ್ಕಾರದ ಕಿವಿಗೆ ಬೀಳಬೇಕಾದರೆ ಇರುವ ಬಾಗಿಲುಗಳು ಕೆಲವೇ: ವಿರೋಧ ಪಕ್ಷ, ಸಂಸದೀಯ ಸಮಿತಿ, ಭ್ರಷ್ಟಾಚಾರದ ದೂರು ವಿಚಾರಿಸುವ ಲೋಕಪಾಲ, ಮಾಹಿತಿ ಆಯೋಗ, ರಾಜ್ಯ ಸರ್ಕಾರಗಳು. ಇವುಗಳನ್ನು ಮುಚ್ಚಲು ಹೊಸ ಕಾನೂನು ಬೇಕಿಲ್ಲ. ಸುಮ್ಮನೆ ನೇಮಕ ಮಾಡದೆ ಬಿಟ್ಟರೆ ಸಾಕು, ಸಭೆ ಕರೆಯದೆ ಬಿಟ್ಟರೆ ಸಾಕು.

ವಿರೋಧ ಪಕ್ಷದ ನಾಯಕನ ಸ್ಥಾನದಿಂದಲೇ ಶುರು ಮಾಡುತ್ತೇವೆ. ಕಾಂಗ್ರೆಸ್ 44ಕ್ಕೆ ಇಳಿದಿದೆ, ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರನ್ನು ಲೋಕಸಭೆಯಲ್ಲಿ ತನ್ನ ನಾಯಕನನ್ನಾಗಿ ಮಾಡಿದೆ. ಸದನದ ಹತ್ತನೇ ಒಂದು ಭಾಗ, ಅಂದರೆ 55 ಸದಸ್ಯರಿದ್ದರೆ ಮಾತ್ರ ಮಾನ್ಯತೆ ಎಂಬ ವಾದ ಈಗಾಗಲೇ ಕೇಳುತ್ತಿದೆ. ಈ ಹತ್ತರ ಲೆಕ್ಕ ಬಂದಿರುವುದು ಮೊದಲ ಸ್ಪೀಕರ್ ಮಾವಳಂಕರ್ ಕಾಲದ ಪರಿಪಾಠ ಮತ್ತು ಸ್ಪೀಕರ್ ನಿರ್ದೇಶನಗಳಿಂದ. 1977ರ ವಿರೋಧ ಪಕ್ಷದ ನಾಯಕರ ಸಂಬಳ ಮತ್ತು ಭತ್ಯೆ ಕಾಯ್ದೆಯಲ್ಲಿ ಆ ಸಂಖ್ಯೆ ಇಲ್ಲ. ವಿರೋಧ ಪಕ್ಷಗಳಲ್ಲಿ ಹೆಚ್ಚು ಸದಸ್ಯಬಲ ಇರುವ, ಸ್ಪೀಕರ್ ಮಾನ್ಯ ಮಾಡಿದ ನಾಯಕ ಎಂದಷ್ಟೇ ಅದು ಹೇಳುತ್ತದೆ. 1980 ಮತ್ತು 1984ರ ಲೋಕಸಭೆಗಳಲ್ಲಿ ಈ ಸ್ಥಾನ ಖಾಲಿ ಇತ್ತು ಎಂದು ನಿಮ್ಮವರು ನೆನಪಿಸುತ್ತಾರೆ, ಅದೂ ಸರಿ. ಆದರೆ ಆಗ ವಿರೋಧ ಪಕ್ಷದ ನಾಯಕ ಮುಖ್ಯವಾಗಿ ಸದನದೊಳಗಿನ ಗೌರವದ ಸ್ಥಾನ. ಲೋಕಪಾಲರನ್ನು, ಸಿಬಿಐ ನಿರ್ದೇಶಕರನ್ನು, ಮಾಹಿತಿ ಆಯುಕ್ತರನ್ನು ಆರಿಸುವ ಸಮಿತಿಗಳಲ್ಲಿ ಆ ನಾಯಕನಿಗೆ ಕಾನೂನೇ ಜಾಗ ಕೊಟ್ಟಿರುವುದು ಆಮೇಲಿನ ಬೆಳವಣಿಗೆ.

ಮಾಹಿತಿ ಹಕ್ಕು ಕಾಯ್ದೆಯ 12(3)ನೇ ಸೆಕ್ಷನ್‌ನಲ್ಲಿ ಇದಕ್ಕೆ ಪರಿಹಾರ ಇದೆ: ಮಾನ್ಯತೆ ಪಡೆದ ನಾಯಕ ಇಲ್ಲದಿದ್ದರೆ ಅತಿ ದೊಡ್ಡ ವಿರೋಧಿ ಗುಂಪಿನ ನಾಯಕನನ್ನೇ ವಿರೋಧ ಪಕ್ಷದ ನಾಯಕ ಎಂದು ತಿಳಿಯಬೇಕು. 2003ರ ಕೇಂದ್ರ ಜಾಗೃತ ಆಯೋಗದ ಕಾಯ್ದೆಯಲ್ಲೂ ಇಂಥದ್ದೇ ವಿವರಣೆ ಇದೆ. 2013ರ ಲೋಕಪಾಲ ಕಾಯ್ದೆಯಲ್ಲಿ ಇದನ್ನು ಬರೆಯಲು ಮರೆತಿದ್ದಾರೆ. ಅದೇ ಕಾಯ್ದೆ ಸಿಬಿಐ ನಿರ್ದೇಶಕರ ಆಯ್ಕೆಯನ್ನೂ ಬದಲಿಸಿತು: ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಮೂವರೇ ಈಗ ಆ ಸಮಿತಿ. ಅಲ್ಲೂ ಆ ಸಾಲು ಇಲ್ಲ. ಈಗಿನ ನಿರ್ದೇಶಕರ ಎರಡು ವರ್ಷದ ಅವಧಿ ಡಿಸೆಂಬರ್ ಆರಂಭಕ್ಕೆ ಮುಗಿಯುತ್ತದೆ. ಒಂದು ಸಾಲಿನ ತಿದ್ದುಪಡಿ ಸಾಕು, ಬಜೆಟ್ ಅಧಿವೇಶನದಲ್ಲೇ ಎರಡೂ ಸದನಗಳಲ್ಲಿ ವಿರೋಧವಿಲ್ಲದೆ ಅಂಗೀಕಾರವಾಗುತ್ತದೆ. ಇಲ್ಲವಾದರೆ ಹೊಸ ಸ್ಪೀಕರ್ ಸುಮಿತ್ರಾ ಮಹಾಜನ್ ಅವರು ಖರ್ಗೆಯವರಿಗೆ ನೇರವಾಗಿ ಮಾನ್ಯತೆ ಕೊಡಲಿ. ಎರಡೂ ಆಗದಿದ್ದರೆ ಅಡ್ಡದಾರಿ ಒಂದಿದೆ, ಅದನ್ನು ಹಿಡಿಯಬೇಡಿ ಎನ್ನುವುದು ನಮ್ಮ ಕೋರಿಕೆ: ಆಯ್ಕೆ ಸಮಿತಿಯಲ್ಲಿ ಖಾಲಿ ಜಾಗವಿದ್ದರೂ ನೇಮಕ ಅಸಿಂಧುವಲ್ಲ ಎಂದು ಲೋಕಪಾಲ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅದನ್ನು ಹಿಡಿದು ನೇಮಿಸಿದ ಲೋಕಪಾಲರು ನಾಳೆ ನಿಮ್ಮ ಸಚಿವರೊಬ್ಬರನ್ನು ನಿರ್ದೋಷಿ ಎಂದರೆ ಯಾರೂ ನಂಬುವುದಿಲ್ಲ. ನಷ್ಟ ನಿಮಗೇ.

ಲೋಕಪಾಲಕ್ಕೆ ಇನ್ನೊಂದು ತೊಡಕೂ ಇದೆ. ಕಾಯ್ದೆ ಜನವರಿ 16ರಂದು ಜಾರಿಗೆ ಬಂತು. ಹೆಸರುಗಳನ್ನು ಹುಡುಕಬೇಕಾದ ಶೋಧನಾ ಸಮಿತಿ ಸಿಬ್ಬಂದಿ ಇಲಾಖೆ ಕೊಟ್ಟ ಪಟ್ಟಿಯೊಳಗಿಂದಲೇ ಆರಿಸಬೇಕು ಎಂದು ನಿಯಮ ಮಾಡಿಟ್ಟರು. ಹುಡುಕುವ ಸ್ವಾತಂತ್ರ್ಯವಿಲ್ಲದ ಶೋಧನಾ ಸಮಿತಿ ಯಾರಿಗೆ ಬೇಕು? ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅದರ ಅಧ್ಯಕ್ಷತೆ ಒಪ್ಪಲಿಲ್ಲ, ಫಾಲಿ ನಾರಿಮನ್ ಸದಸ್ಯತ್ವ ಒಪ್ಪಲಿಲ್ಲ. ಈ ನಿಯಮ ಬದಲಿಸಲು ಸಂಸತ್ತಿಗೆ ಹೋಗಬೇಕಾಗಿಲ್ಲ, ಇಲಾಖೆಯ ಒಂದು ಅಧಿಸೂಚನೆ ಸಾಕು.

ಕನ್ನಡಿಗರಿಗೆ ಇದು ಪುಸ್ತಕದ ವಿಷಯವಲ್ಲ. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿಯಿಂದ ಒಬ್ಬ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಅಷ್ಟು ಬಲವಿದ್ದ ಸಂಸ್ಥೆಯ ಮುಂದಿನ ಲೋಕಾಯುಕ್ತರು ಅದೇ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ ಮೇಲೆ 2013ರ ಫೆಬ್ರುವರಿವರೆಗೆ ಆ ಕುರ್ಚಿ ಖಾಲಿ ಇತ್ತು. ಕಾಯ್ದೆ ರದ್ದಾಗಲಿಲ್ಲ, ಕಚೇರಿ ಮುಚ್ಚಲಿಲ್ಲ, ನೌಕರರಿಗೆ ಸಂಬಳ ಬರುತ್ತಲೇ ಇತ್ತು. ದೂರುಗಳ ಮೇಲೆ ಅಂತಿಮ ವರದಿಗೆ ಸಹಿ ಹಾಕುವ ಲೋಕಾಯುಕ್ತರು ಮಾತ್ರ ಇರಲಿಲ್ಲ. ದೆಹಲಿಯಲ್ಲಿ ಇದು ಮರುಕಳಿಸಬಾರದು.

ಇಂಥ ಮೊದಲ ಪರೀಕ್ಷೆ ಕೆಲವೇ ವಾರಗಳ ದೂರದಲ್ಲಿದೆ. ಕೇಂದ್ರ ಮುಖ್ಯ ಮಾಹಿತಿ ಆಯುಕ್ತರಾಗಿ ರಾಜೀವ್ ಮಾಥುರ್ ಅವರು ಮೇ ತಿಂಗಳಲ್ಲಿ ಅಧಿಕಾರ ವಹಿಸಿಕೊಂಡರು. 65 ವರ್ಷದ ಮಿತಿಯಿಂದಾಗಿ ಆಗಸ್ಟ್‌ನಲ್ಲಿ ಅವರ ಅವಧಿ ಮುಗಿಯುತ್ತದೆ. ಜಾಹೀರಾತು, ಅರ್ಜಿ, ಪರಿಶೀಲನೆ, ಸಮಿತಿ ಸಭೆ, ರಾಷ್ಟ್ರಪತಿಗಳ ಆದೇಶ, ಇಷ್ಟಕ್ಕೆ ಎರಡು ತಿಂಗಳಾದರೂ ಬೇಕು. ಜೂನ್‌ನಲ್ಲೇ ಕಡತ ಹೊರಡದಿದ್ದರೆ ಆಗಸ್ಟ್ ಕೊನೆಗೆ ಆಯೋಗಕ್ಕೆ ಮುಖ್ಯಸ್ಥರಿರುವುದಿಲ್ಲ. ಆಡಳಿತಾಧಿಕಾರವನ್ನು ಕಾಯ್ದೆ ಮುಖ್ಯ ಆಯುಕ್ತರಿಗೇ ಕೊಟ್ಟಿರುವುದರಿಂದ ಅವರಿಲ್ಲದಿದ್ದರೆ ಪ್ರಕರಣ ಹಂಚಿಕೆಯೇ ಕಗ್ಗಂಟಾಗುತ್ತದೆ. ಮೇಲ್ಮನವಿ ವರ್ಷಗಟ್ಟಲೆ ಕೊಳೆತರೆ ಮಾಹಿತಿ ಕೊಡದ ಅಧಿಕಾರಿಗೆ ದಂಡದ ಭಯ ಇರುವುದಿಲ್ಲ. ಮೂವತ್ತು ದಿನದ ಗಡುವು ಕಾಗದದ ಮೇಲಷ್ಟೇ ಉಳಿಯುತ್ತದೆ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣಾ ಕಾಯ್ದೆಗೂ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅದು ಜಾರಿಯಾಗಬೇಕಾದರೆ ದಿನಾಂಕ ನಿಗದಿ ಮಾಡಿ ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಅದನ್ನೂ ಮಾಡಿ.

ಇನ್ನು ಕಾನೂನು ಮಾಡುವ ಬಗೆ. ಸಂಸತ್ತು ಜೂನ್ 4ರಂದು ಸೇರುವುದಿತ್ತು. ಮೇ 28ರಂದು, ಅಂದರೆ ಒಂದೇ ವಾರ ಮೊದಲು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಕಾಯ್ದೆಗೆ ಸುಗ್ರೀವಾಜ್ಞೆಯ, ಅಂದರೆ ಸಂಸತ್ತು ಸೇರದಿರುವಾಗ ಸರ್ಕಾರ ಹೊರಡಿಸುವ ತಾತ್ಕಾಲಿಕ ಕಾನೂನಿನ ಮೂಲಕ ತಿದ್ದುಪಡಿ ಬಂತು. ಆ ಪ್ರಾಧಿಕಾರದ ಅಧ್ಯಕ್ಷರಾಗಿದ್ದವರು ಮತ್ತೆ ಸರ್ಕಾರಿ ಹುದ್ದೆ ಹಿಡಿಯಬಾರದು ಎಂಬ ನಿಷೇಧವನ್ನು ಸಡಿಲಿಸಿದ್ದರಿಂದ ನೃಪೇಂದ್ರ ಮಿಶ್ರಾ ನಿಮ್ಮ ಪ್ರಧಾನ ಕಾರ್ಯದರ್ಶಿಯಾದರು. ಅವರ ಪ್ರಾಮಾಣಿಕತೆಯ ಬಗ್ಗೆ ನಮಗೆ ತಕರಾರಿಲ್ಲ. ಆ ನಿಷೇಧ ಇದ್ದದ್ದಕ್ಕೆ ಕಾರಣ ಇತ್ತು: ಮುಂದೆ ಸರ್ಕಾರ ಕೊಡಬಹುದಾದ ಹುದ್ದೆಯ ಆಸೆ ನಿಯಂತ್ರಕನ ತೀರ್ಪಿನೊಳಗೆ ನುಸುಳಬಾರದು. ಒಂದು ವಾರ ಕಾದು ಮಸೂದೆ ತಂದಿದ್ದರೆ ಈ ಚರ್ಚೆ ಸದನದಲ್ಲಿ ನಡೆಯುತ್ತಿತ್ತು. ಮರುದಿನವೇ ಬಂದ ಎರಡನೇ ಸುಗ್ರೀವಾಜ್ಞೆ ಪೋಲವರಂ ಯೋಜನೆಗಾಗಿ ಖಮ್ಮಂ ಜಿಲ್ಲೆಯ ಏಳು ಮಂಡಲಗಳನ್ನು ಆಂಧ್ರಕ್ಕೆ ಸೇರಿಸುವಂಥದ್ದು. ರಾಜ್ಯದ ಗಡಿ ಬದಲಾಗುವಾಗ ಮಸೂದೆಯನ್ನು ಆ ರಾಜ್ಯದ ಶಾಸನಸಭೆಯ ಅಭಿಪ್ರಾಯಕ್ಕೆ ಕಳಿಸಬೇಕು ಎನ್ನುತ್ತದೆ ಸಂವಿಧಾನದ 3ನೇ ವಿಧಿ. ಬೆಳಗಾವಿಯ ಮೇಲಿನ ಮಹಾರಾಷ್ಟ್ರದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಗಡಿಯ ವಿಷಯ ಸುಗ್ರೀವಾಜ್ಞೆಯಿಂದ ತೀರ್ಮಾನವಾಗುವುದನ್ನು ನಾವು ಹಗುರವಾಗಿ ನೋಡಲಾರೆವು.

ರಾಜ್ಯಸಭೆಯಲ್ಲಿ ನಿಮಗೆ ಬಹುಮತವಿಲ್ಲ. ಹಾಗಾಗಿ ಸುಗ್ರೀವಾಜ್ಞೆಯ ಸೆಳೆತ ಮುಂದೆಯೂ ಇರುತ್ತದೆ. ಸಂಸತ್ತು ಮತ್ತೆ ಸೇರಿದ ಆರು ವಾರಕ್ಕೆ ಅದು ತಾನಾಗಿ ಸಾಯುತ್ತದೆ. ಸತ್ತದ್ದನ್ನು ಮತ್ತೆ ಮತ್ತೆ ಹೊರಡಿಸುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು 1986ರಲ್ಲೇ ಬಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸರಿಯಾದ ದಾರಿ ನಿಧಾನದ್ದು, ಆದರೆ ಬಾಳಿಕೆ ಬರುವಂಥದ್ದು. ಈ ಫೆಬ್ರುವರಿ 5ರಂದು ಕಾನೂನು ಸಚಿವಾಲಯ ಎಲ್ಲ ಇಲಾಖೆಗಳಿಗೂ ಒಂದು ಸೂಚನೆ ಕಳಿಸಿದೆ: ಯಾವುದೇ ಮಸೂದೆಯ ಕರಡನ್ನು, ಸರಳ ಭಾಷೆಯ ವಿವರಣೆಯ ಜೊತೆಗೆ, ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶ ಸಂಪುಟ ಟಿಪ್ಪಣಿಯಲ್ಲಿರಬೇಕು. ಹಿಂದಿನ ಸರ್ಕಾರ ಇದನ್ನು ಮಾಡಿ ಮನೆಗೆ ಹೋಯಿತು. ಜಾರಿಗೆ ತರುವ ಅವಕಾಶ ನಿಮ್ಮದು. ಆ ಕರಡು ಯಾವ ಭಾಷೆಯಲ್ಲಿರಬೇಕು ಎನ್ನುವುದೂ ಮುಖ್ಯ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮಾರ್ಚ್ 10ರಂದು ಬಂದಿದೆ. ಒಟ್ಟು 56,825 ಚದರ ಕಿಲೋಮೀಟರಿನಲ್ಲಿ 20,668 ನಮ್ಮ ರಾಜ್ಯದ್ದು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಅದರಲ್ಲಿ ನಿಷೇಧವಾಗುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ಪಟ್ಟಿಯ ಕೈಗಾರಿಕೆ, 20 ಸಾವಿರ ಚದರ ಮೀಟರ್ ಮೀರಿದ ಕಟ್ಟಡಗಳು. ಮಲೆನಾಡಿನ ಹಳ್ಳಿಗಳಲ್ಲಿ ಹಬ್ಬಿರುವುದು ಮಾತ್ರ ಅಡಿಕೆ ತೋಟ ಹೋಗುತ್ತದೆ, ಮನೆಗೆ ಹೆಂಚು ಹೊದಿಸಲೂ ದೆಹಲಿಯ ಅಪ್ಪಣೆ ಬೇಕು ಎಂಬ ಸುದ್ದಿ. ಕರಡನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ ಹೇಳಿದ್ದರೆ ಈ ವದಂತಿಯಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ.

ಮಸೂದೆ ಸದನಕ್ಕೆ ಬಂದ ಮೇಲೆ ಸ್ಥಾಯಿ ಸಮಿತಿ. ಇಂಥ 24 ಸಮಿತಿಗಳಿವೆ, ಪ್ರತಿಯೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಮಂದಿ. ಅಲ್ಲಿ ಟಿವಿ ಕ್ಯಾಮೆರಾ ಇಲ್ಲ, ಪಕ್ಷ ಹೇಳಿದಂತೆಯೇ ನಡೆಯಬೇಕೆಂಬ ವಿಪ್ ಇಲ್ಲ, ಸಂಸದರು ತಮಗನಿಸಿದ್ದನ್ನು ಮಾತಾಡುತ್ತಾರೆ. ಕಳೆದ ಲೋಕಸಭೆಯಲ್ಲಿ ಸುಮಾರು ಶೇ 70ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. ಅದಕ್ಕಿಂತ ಕಡಿಮೆಯಾದರೆ ಹಿಂದಕ್ಕೆ ಹೋದೆವೆಂದೇ ಲೆಕ್ಕ. ಒಂದು ಉದಾಹರಣೆ ನಿಮ್ಮ ಪಕ್ಷದ್ದೇ. ಭೂಸ್ವಾಧೀನ ಮಸೂದೆಯನ್ನು ಪರಿಶೀಲಿಸಿ 2012ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷೆಯಾಗಿದ್ದವರು ಸುಮಿತ್ರಾ ಮಹಾಜನ್. ನಿಮ್ಮ ಪಕ್ಷದ ಬೆಂಬಲದಿಂದಲೇ ಅಂಗೀಕಾರವಾದ ಆ ಕಾಯ್ದೆ ಈ ಜನವರಿ 1ರಿಂದ ಜಾರಿಯಲ್ಲಿದೆ. ಖಾಸಗಿ ಯೋಜನೆಗೆ ಶೇ 80, ಸರ್ಕಾರಿ–ಖಾಸಗಿ ಸಹಭಾಗಿತ್ವಕ್ಕೆ ಶೇ 70 ಜನರ ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ, ಹಳ್ಳಿಗಳಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ. ಉದ್ಯಮಿಗಳು ಇದನ್ನು ಸಡಿಲಿಸಿ ಎಂದು ನಿಮ್ಮ ಬಾಗಿಲು ತಟ್ಟುತ್ತಿದ್ದಾರೆ. ಐದು ತಿಂಗಳ ಕಾಯ್ದೆ ವಿಫಲವಾಯಿತೆಂದು ಹೇಳಲು ಯಾರ ಬಳಿಯೂ ಪುರಾವೆ ಇಲ್ಲ. ಬದಲಿಸಲೇಬೇಕೆಂದರೆ ಅದೇ ಸಮಿತಿಯ ದಾರಿಯಲ್ಲಿ ಬದಲಿಸಿ.

ಸಮಿತಿಗಳು ಹಳೆಯ ಲೋಕಸಭೆಯ ಜೊತೆ ವಿಸರ್ಜನೆಯಾಗಿವೆ. 2009ರಲ್ಲಿ ಮತ್ತೆ ರಚನೆಯಾದದ್ದು ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಬಜೆಟ್ ಮುಗಿದಿತ್ತು, ಯಾವ ಇಲಾಖೆಯ ಅನುದಾನ ಬೇಡಿಕೆಯನ್ನೂ ಸಮಿತಿ ನೋಡಲಿಲ್ಲ. ಈ ಸಲ ಜೂನ್ ತಿಂಗಳೊಳಗೆ ರಚಿಸಲು ಎಲ್ಲ ಪಕ್ಷಗಳಿಂದ ಹೆಸರು ಕೇಳಿ.

ಮಹಿಳಾ ಮೀಸಲಾತಿ ಮಸೂದೆಯ ಲೆಕ್ಕವನ್ನೂ ಮುಂದಿಡುತ್ತೇವೆ. 2010ರ ಮಾರ್ಚ್ 9ರಂದು ರಾಜ್ಯಸಭೆ ಅದನ್ನು 186–1 ಮತಗಳಿಂದ ಅಂಗೀಕರಿಸಿತ್ತು. ಲೋಕಸಭೆಯಲ್ಲಿ ಬಾಕಿ ಉಳಿದು, ಅದರ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಸಂವಿಧಾನ ತಿದ್ದುಪಡಿಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು, ಅಂದರೆ 543 ಮಂದಿಯೂ ಮತ ಹಾಕಿದರೆ 362 ಬೇಕು. ನಿಮ್ಮ 336, ಕಾಂಗ್ರೆಸ್ಸಿನ 44 ಸೇರಿದರೆ 380. ಎರಡೂ ಪಕ್ಷಗಳ ಪ್ರಣಾಳಿಕೆಯಲ್ಲಿ ಇದು ಇದೆ. ಹದಿನೆಂಟು ವರ್ಷಗಳಿಂದ ಕಾದಿರುವ ಮಸೂದೆಗೆ ಸಂಖ್ಯೆ ಸಲೀಸಾಗಿ ಕೂಡಿಬಂದಿದೆ.

ಬಜೆಟ್ಟಿಗೆ ಬರೋಣ. ಪೂರ್ಣ ಬಜೆಟ್ ಬರುವವರೆಗಿನ ಖರ್ಚಿಗೆಂದು ಫೆಬ್ರುವರಿಯಲ್ಲಿ ಪಡೆದ ಲೇಖಾನುದಾನ ಜುಲೈ ಕೊನೆಯವರೆಗೆ ಮಾತ್ರ. ಹಣಕಾಸು ಮತ್ತು ರಕ್ಷಣೆ ಎರಡೂ ಅರುಣ್ ಜೇಟ್ಲಿಯವರ ಹೆಗಲ ಮೇಲಿವೆ. ಬಜೆಟ್ ತಯಾರಿಯ ತಿಂಗಳಲ್ಲಿ ಇದು ಒಳ್ಳೆಯ ಏರ್ಪಾಡಲ್ಲ. ವಿತ್ತೀಯ ಕೊರತೆಯನ್ನು ಈ ವರ್ಷ ಜಿಡಿಪಿಯ ಶೇ 4.1ಕ್ಕೆ ಇಳಿಸುವುದಾಗಿ ಹಿಂದಿನ ಹಣಕಾಸು ಸಚಿವ ಚಿದಂಬರಂ ಹೇಳಿಹೋಗಿದ್ದಾರೆ. ಆ ಅಂಕಿಯ ಹಿಂದೆ ಏನಿದೆ ಎಂದು ನೋಡಿ. ಕಳೆದ ವರ್ಷದ ಇಂಧನ ಸಬ್ಸಿಡಿಯಲ್ಲಿ 35,000 ಕೋಟಿ ರೂಪಾಯಿಯನ್ನು ಈ ವರ್ಷಕ್ಕೆ ದಾಟಿಸಲಾಗಿದೆ. ರಸಗೊಬ್ಬರ ಕಂಪನಿಗಳಿಗೆ, ಆಹಾರ ನಿಗಮಕ್ಕೆ ಕೊಡಬೇಕಾದ ಬಾಕಿಯೂ ಇದೆ. ಸರ್ಕಾರದ ಲೆಕ್ಕ ನಗದು ಲೆಕ್ಕವಾದ್ದರಿಂದ ಕೊಡದ ಬಿಲ್ಲು ಕೊರತೆಯಲ್ಲಿ ಕಾಣಿಸುವುದಿಲ್ಲ. ವರ್ಷದ ಕೊನೆಯ ಮೂರು ತಿಂಗಳಲ್ಲಿ ಗುರಿ ತಪ್ಪುತ್ತದೆಂದು ತಿಳಿದಾಗ ಕತ್ತರಿ ಬೀಳುವುದು ಯೋಜನಾ ವೆಚ್ಚಕ್ಕೆ, ಅಂದರೆ ರಸ್ತೆ, ನೀರಾವರಿ, ಶಾಲೆಗೆ. ಇಲಾಖಾವಾರು ಬಾಕಿ ಬಿಲ್ಲುಗಳ ಒಂದು ಕೋಷ್ಟಕವನ್ನು ಬಜೆಟ್ ದಾಖಲೆಗಳ ಜೊತೆಗೇ ಪ್ರಕಟಿಸಿ. ಗುರಿ 4.1ರ ಬದಲು 4.5 ಎಂದು ಹೇಳಬೇಕಾಗಿ ಬಂದರೂ ಚಿಂತೆಯಿಲ್ಲ. ಹೊಸ ಸರ್ಕಾರಕ್ಕೆ ಸತ್ಯ ಹೇಳುವ ಅವಕಾಶ ಮೊದಲ ಬಜೆಟ್ಟಿನಲ್ಲೇ ಹೆಚ್ಚು.

ಮುಂಗಾರು ನಿನ್ನೆ ಕೇರಳ ಮುಟ್ಟಿದೆ, ವಾಡಿಕೆಗಿಂತ ಐದು ದಿನ ತಡವಾಗಿ. ಮಳೆ ದೀರ್ಘಾವಧಿ ಸರಾಸರಿಯ ಶೇ 95 ಇರಬಹುದು ಎಂದು ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಹೇಳಿತ್ತು, ಮಳೆ ಕುಗ್ಗಿಸುವ ಎಲ್ ನಿನೊ ಭಯವೂ ಇದೆ. ಚಿಲ್ಲರೆ ಹಣದುಬ್ಬರ ಶೇ 8ರ ಮೇಲೇ ನಿಂತಿದೆ. ಆಹಾರ ನಿಗಮದ ಗೋದಾಮುಗಳಲ್ಲಿ ಅಕ್ಕಿ, ಗೋಧಿ ದಾಸ್ತಾನು ಮೀಸಲು ಮಿತಿಗಿಂತ ಬಹಳ ಹೆಚ್ಚಿದೆ. ಬೆಲೆ ಏರಿದ ಮೇಲಲ್ಲ, ಈಗಿನಿಂದಲೇ ಸಣ್ಣ ಸಣ್ಣ ಲಾಟುಗಳಲ್ಲಿ ಮುಕ್ತ ಮಾರುಕಟ್ಟೆಗೆ ಬಿಡಬೇಕು. ದೊಡ್ಡ ಲಾಟುಗಳನ್ನು ಕೊಳ್ಳುವುದು ದೊಡ್ಡ ವ್ಯಾಪಾರಿಗಳೇ, ಅಂಗಡಿಯ ಬೆಲೆ ಇಳಿಯುವುದಿಲ್ಲ.

ಮಳೆ ಕೈಕೊಟ್ಟರೆ ಹಳ್ಳಿಗೆ ಆಸರೆ ಉದ್ಯೋಗ ಖಾತರಿ. ನಮ್ಮಲ್ಲಿ ಈಗ ದಿನಕ್ಕೆ 191 ರೂಪಾಯಿ ಕೂಲಿ, 15 ದಿನದೊಳಗೆ ಕೊಡಬೇಕೆನ್ನುತ್ತದೆ ಕಾಯ್ದೆ. ಕೂಲಿ ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತೇವೆ ಕೇಳಿ. ವಾರದ ಕೊನೆಗೆ ಎನ್‌ಎಂಆರ್ (ಕೂಲಿಯವರ ಹಾಜರಾತಿ ಪಟ್ಟಿ) ಮುಗಿಯುತ್ತದೆ. ಎಂಜಿನಿಯರ್ ಬಂದು ಕೆಲಸ ಅಳೆದು ಎಂಬಿ (ಅಳತೆ) ಪುಸ್ತಕದಲ್ಲಿ ಬರೆಯಬೇಕು. ಹತ್ತಾರು ಪಂಚಾಯಿತಿಗೆ ಒಬ್ಬರಿರುವ ಕಡೆ ಮೊದಲ ವಿಳಂಬ ಇಲ್ಲೇ. ಆಮೇಲೆ ಕಂಪ್ಯೂಟರಿಗೆ ಏರಿಸಬೇಕು, ಕರೆಂಟೂ ನೆಟ್ಟೂ ಒಟ್ಟಿಗೆ ಇದ್ದರೆ. ಹಣ ವರ್ಗಾವಣೆ ಆದೇಶಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರ ಸಹಿ ಬೀಳಬೇಕು. ಇಷ್ಟೆಲ್ಲ ಆದ ಮೇಲೆ ಖಾತೆಯಲ್ಲಿ ಕೇಂದ್ರದ ಹಣವೇ ಇಲ್ಲದಿದ್ದರೆ ಆದೇಶ ಅಲ್ಲೇ ಕೂರುತ್ತದೆ. ತಡವಾದ ಪ್ರತಿ ದಿನಕ್ಕೆ ಬಾಕಿ ಕೂಲಿಯ ಶೇ 0.05 ಪರಿಹಾರ ಕೊಡಬೇಕೆಂದು ನಿಯಮ ಬಂದಿದೆ. ಹಣ ಕೂಲಿಯವರ ಖಾತೆಗೆ ಬಿದ್ದ ದಿನದವರೆಗೂ ಆ ವಿಳಂಬವನ್ನು ಎಣಿಸಬೇಕು, ದೆಹಲಿಯ ತಪ್ಪಿಗೆ ದೆಹಲಿಯೇ ತೆರಬೇಕು. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಗೋಪಿನಾಥ ಮುಂಡೆಯವರು ಜೂನ್ 3ರಂದು ಅಪಘಾತದಲ್ಲಿ ತೀರಿಕೊಂಡದ್ದು ದೊಡ್ಡ ನಷ್ಟ. ಆ ಖಾತೆಗೆ ಹೆಚ್ಚುವರಿ ಹೊಣೆಯ ಬದಲು ಬೇಗ ಪೂರ್ಣಾವಧಿ ಸಚಿವರನ್ನು ಕೊಡಿ. ಈ ಯೋಜನೆಯನ್ನು ನಿಮ್ಮ ಪಕ್ಷದ ಹಲವರು ದಂಡದ ಖರ್ಚು ಎನ್ನುತ್ತಾರೆ. ಬರದ ವರ್ಷದಲ್ಲಿ ರಾಯಚೂರು, ಯಾದಗಿರಿಯ ಬಸ್ ನಿಲ್ದಾಣದಲ್ಲಿ ಮೂಟೆ ಕಟ್ಟಿಕೊಂಡು ಗುಳೆ ಹೊರಟವರನ್ನು ನೋಡಿದ ಮೇಲೂ ಹಾಗನ್ನುವುದು ಕಷ್ಟ.

ರಾಜ್ಯಗಳ ವಿಷಯದಲ್ಲಿ ನಿಮ್ಮ ಮೇಲೆ ನಮಗೆ ಹೆಚ್ಚಿನ ನಂಬಿಕೆ, ಹಾಗಾಗಿ ಹೆಚ್ಚಿನ ನಿರೀಕ್ಷೆ. ಪ್ರಧಾನಿ ಅಧ್ಯಕ್ಷರಾಗಿರುವ ಅಂತರರಾಜ್ಯ ಮಂಡಳಿ ಕೊನೆಯ ಸಲ ಸೇರಿದ್ದು 2006ರ ಡಿಸೆಂಬರ್‌ನಲ್ಲಿ. ಕಾವೇರಿ, ಕೃಷ್ಣಾ, ಮಹದಾಯಿ ಮೂರೂ ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟಿನ ನಡುವೆ ಓಡಾಡುತ್ತಿರುವಾಗ ಮುಖ್ಯಮಂತ್ರಿಗಳು ಒಂದೇ ಮೇಜಿನ ಸುತ್ತ ಕೂರಲು ಇರುವ ಸಾಂವಿಧಾನಿಕ ಜಾಗ ಅದೊಂದೇ. ಈ ವರ್ಷವೇ ಕರೆಯಿರಿ.

ಜಿಎಸ್‌ಟಿ ಮಸೂದೆ ಹಳೆಯ ಲೋಕಸಭೆಯೊಂದಿಗೆ ಬಿದ್ದುಹೋಗಿದೆ. ನೀವು ಮುಖ್ಯಮಂತ್ರಿಯಾಗಿದ್ದಾಗ ಗುಜರಾತ್ ಅದನ್ನು ವಿರೋಧಿಸಿತ್ತು, ವಿರೋಧಕ್ಕೆ ಆಧಾರವೂ ಇತ್ತು. ಕೇಂದ್ರ ಮಾರಾಟ ತೆರಿಗೆಯನ್ನು ಶೇ 4ರಿಂದ 2ಕ್ಕೆ ಇಳಿಸಿದಾಗ ರಾಜ್ಯಗಳಿಗೆ ನಷ್ಟ ತುಂಬಿಕೊಡುತ್ತೇವೆಂದ ಕೇಂದ್ರ, ಕೆಲವು ವರ್ಷದ ನಂತರ ಕೈಯೆತ್ತಿತು. ಬಾಯಿಮಾತಿನ ಭರವಸೆಯನ್ನು ಈಗ ಯಾವ ರಾಜ್ಯವೂ ನಂಬುವುದಿಲ್ಲ. ಪರಿಹಾರ ಎಷ್ಟು ವರ್ಷ, ಯಾವ ವರ್ಷದ ಆದಾಯ ಆಧರಿಸಿ, ಎಷ್ಟು ಬೆಳವಣಿಗೆ ಲೆಕ್ಕ ಹಿಡಿದು ಎಂಬುದು ಕಾನೂನಿನಲ್ಲೇ ಇರಬೇಕು. ತೆರಿಗೆಯ ಮೇಲೆ ಕೇಂದ್ರ ಹಾಕುವ ಸೆಸ್, ಸರ್‌ಚಾರ್ಜ್ ರಾಜ್ಯಗಳಿಗೆ ಹಂಚಿಕೆಯಾಗುವುದಿಲ್ಲ ಎಂಬುದೂ ನಿಮಗೆ ಗೊತ್ತು. ವೈ.ವಿ. ರೆಡ್ಡಿಯವರ 14ನೇ ಹಣಕಾಸು ಆಯೋಗ ಅಕ್ಟೋಬರ್‌ನಲ್ಲಿ ವರದಿ ಕೊಡಲಿದೆ. ಹಂಚಿಕೆಯಾಗುವ ತೆರಿಗೆಯಲ್ಲಿ ರಾಜ್ಯಗಳ ಪಾಲು ಈಗಿನ ಶೇ 32ರಿಂದ ಏರಿದರೂ ಕೇಂದ್ರ ತೆರಿಗೆಯ ಬದಲು ಸೆಸ್ ಹೆಚ್ಚಿಸುತ್ತ ಹೋದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ.

ರಾಜ್ಯಪಾಲರನ್ನು ಬದಲಿಸುವ ಮಾತು ಕೇಳಿಬರುತ್ತಿದೆ. 2004ರಲ್ಲಿ ಹಿಂದಿನ ಸರ್ಕಾರ ನಾಲ್ವರನ್ನು ಕಿತ್ತುಹಾಕಿದಾಗ ನಿಮ್ಮ ಪಕ್ಷದ ಬಿ.ಪಿ. ಸಿಂಘಲ್ ಅವರೇ ಕೋರ್ಟಿಗೆ ಹೋದರು. ಸರ್ಕಾರ ಬದಲಾಯಿತೆಂಬ ಕಾರಣಕ್ಕೆ ರಾಜ್ಯಪಾಲರನ್ನು ತೆಗೆಯುವಂತಿಲ್ಲ ಎಂಬ 2010ರ ತೀರ್ಪು ಅದರ ಫಲ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಲಾಬಲ ನೋಡದೆ ಕಿತ್ತೊಗೆದದ್ದಕ್ಕೆ ದಾರಿಯಾದದ್ದು ರಾಜ್ಯಪಾಲರ ವರದಿ. ಆ ಹುದ್ದೆಯಲ್ಲಿ ಯಾರು ಕೂರುತ್ತಾರೆ ಎಂಬುದರ ಬಗ್ಗೆ ನಮಗೆ ಕಾಳಜಿ ಇರುವುದು ಅದಕ್ಕೇ.

ಹೇಳದೆ ಬಿಡಲಾಗದ ಇನ್ನೊಂದು ಮಾತು. ಗೆದ್ದ ನಿಮ್ಮ 282 ಮಂದಿಯಲ್ಲಿ ಒಬ್ಬ ಮುಸ್ಲಿಮರೂ ಇಲ್ಲ. 2002ರ ಗುಜರಾತ್, ಕಳೆದ ಸೆಪ್ಟೆಂಬರಿನ ಮುಜಫ್ಫರನಗರ ಎರಡೂ ಜನರ ನೆನಪಿನಲ್ಲಿವೆ. ನಮ್ಮ ನೆರೆಹೊರೆಯಲ್ಲಿ ಈ ಫಲಿತಾಂಶದಿಂದ ನಿಜವಾಗಿ ಹೆದರಿದವರಿದ್ದಾರೆ. ಅವರಿಗೆ ಭಾಷಣ ಬೇಡ. ದ್ವೇಷ ಭಾಷಣದ ಮೇಲೆ ದಂಡಸಂಹಿತೆಯ 153ಎ ಅಡಿ ಪ್ರಕರಣ ದಾಖಲಾದರೂ ವಿಚಾರಣೆಗೆ ಸರ್ಕಾರದ ಪೂರ್ವಾನುಮತಿ ಬೇಕು; ಆ ಕಡತ ವರ್ಷಗಟ್ಟಲೆ ಮಲಗುತ್ತದೆ, ಪ್ರಕರಣ ತಾನಾಗಿ ಸಾಯುತ್ತದೆ. ಕೇಂದ್ರದ ಬಳಿ ಇರುವ ಅಂಥ ಕಡತಗಳಿಗೆ ಮೂರು ತಿಂಗಳ ಗಡುವು ಹಾಕಿ, ಆರೋಪಿ ನಿಮ್ಮ ಪಕ್ಷದವರಾದರೂ ಸರಿ. ಇಂಥ ಒಂದು ಸಹಿ ನೂರು ಆಶ್ವಾಸನೆಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಕೊನೆಯದಾಗಿ ಭಾಷೆ. ಈ ಪತ್ರವನ್ನು ಕನ್ನಡದಲ್ಲೇ ಕಳಿಸುತ್ತಿದ್ದೇವೆ. ಒಕ್ಕೂಟದ ಯಾವ ಅಧಿಕಾರಿಗೇ ಆಗಲಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ನಿಮ್ಮ ಕಚೇರಿಯಲ್ಲಿ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಪತ್ರ ಓದಿ ಉತ್ತರಿಸುವ ವ್ಯವಸ್ಥೆ ಆಗಲಿ. ಸಾರ್ವಜನಿಕ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇದೆ. ಹಾವೇರಿಯ ಪದವೀಧರೆ ತನ್ನದೇ ತಾಲ್ಲೂಕಿನ ಬ್ಯಾಂಕ್ ಶಾಖೆಯ ಕೆಲಸಕ್ಕೆ ಕನ್ನಡದಲ್ಲಿ ಪರೀಕ್ಷೆ ಬರೆಯುವಂತಿಲ್ಲ. ಅದೇ ಶಾಖೆಯ ಕೌಂಟರಿನಲ್ಲಿ ಕನ್ನಡ ಬಾರದ ಗುಮಾಸ್ತರ ಮುಂದೆ ವೃದ್ಧಾಪ್ಯ ವೇತನ ಕೇಳಲು ಬಂದ ಅಜ್ಜಿ ತಡಕಾಡುತ್ತಾಳೆ. ಹಣಕಾಸು ಸಚಿವಾಲಯ ಮನಸ್ಸು ಮಾಡಿದರೆ ಮುಂದಿನ ಸುತ್ತಿನ ಗುಮಾಸ್ತರ ಪರೀಕ್ಷೆಯಿಂದಲೇ ಇದನ್ನು ಬದಲಿಸಬಹುದು. ಆ ಪರೀಕ್ಷೆಯ ಅಧಿಸೂಚನೆ ಹೊರಡುವ ಮೊದಲೇ ಆದೇಶ ಬರಲಿ ಎಂದು ಕೋರುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಕರ್ನಾಟಕದ ಕೆಲವು ನಾಗರಿಕರು